ಇನ್‌ಬಾಕ್ಸ್ ತುಂಬಾ ಬೇಡದ ಮೇಲ್: ಯಾವ ನಲ್ಲಿ ಸೋರುತ್ತಿದೆ ಅಂತ ಮೊದಲು ನೋಡಿ

ಭಾವ ಫೋನ್ ಮಾಡಿದ್ದು ಬೇರೆ ವಿಷಯಕ್ಕೆ. ಆರೋಗ್ಯ ವಿಮೆಯವರು ನವೀಕರಣದ ನೋಟಿಸ್ ಮೇಲ್ ಮಾಡಿದ್ದೇವೆ ಅನ್ನುತ್ತಾರೆ, ಇವರಿಗೆ ಬಂದೇ ಇಲ್ಲ. ಶನಿವಾರ ಶಿವಮೊಗ್ಗಕ್ಕೆ ಹೋದಾಗ ಅವರ ಫೋನ್ ತೆಗೆದು ನೋಡಿದೆ. ಓದದ ಮೇಲ್ ಹನ್ನೊಂದು ಸಾವಿರ ಚಿಲ್ಲರೆ. ಮೇಲ್ಗಡೆ ಸ್ಟೋರೇಜ್ ಫುಲ್ ಅಂತ ಎಚ್ಚರಿಕೆ. ಜಿಮೇಲ್ ಪುಕ್ಕಟೆ ಕೊಡುವುದು 15 ಜಿಬಿ, ಅದೂ ಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. ಅದು ತುಂಬಿದರೆ ಹೊಸ ಮೇಲ್ ಒಳಗೆ ಬರುವುದಿಲ್ಲ, ಕಳಿಸಿದವರಿಗೇ ವಾಪಸ್ ಹೋಗುತ್ತದೆ. ವಿಮೆ ನೋಟಿಸಿಗೆ ಆಗಿದ್ದೂ ಇದೇ. ಸೀರೆ ಅಂಗಡಿಯ ಆಫರ್‌ಗಳೆಲ್ಲ ಒಳಗೆ ಕೂತಿದ್ದವು, ಬೇಕಾದದ್ದು ಬಾಗಿಲಿಂದಲೇ ಹಿಂದೆ ಹೋಗಿತ್ತು.

"ಎಲ್ಲ ಒಂದೇ ಸಲ ನಿಲ್ಲಿಸೋ ಬಟನ್ ಇಲ್ವಾ?" ಅಂದರು ಭಾವ.

ಇಲ್ಲ. ಇದ್ದಿದ್ದರೆ ನಾನು ಇಷ್ಟು ಬರೆಯಬೇಕಿರಲಿಲ್ಲ. ಬೇಡದ ಮೇಲ್ ಎಲ್ಲ ನೋಡಲು ಒಂದೇ ಥರ ಇರುತ್ತದೆ, ಆದರೆ ಬರುವ ದಾರಿ ಬೇರೆ ಬೇರೆ. ಅಂಗಡಿಯವರದಕ್ಕೆ ಒಂದು ಮದ್ದು, ಕಳ್ಳರದಕ್ಕೆ ಇನ್ನೊಂದು. ಅಂಗಡಿಯ ಮದ್ದನ್ನು ಕಳ್ಳರ ಮೇಲ್‌ಗೆ ಹಾಕಿದರೆ ಮೇಲ್ ಇನ್ನೂ ಜಾಸ್ತಿಯಾಗುತ್ತದೆ. ಹಾಗಾಗಿ ಮೊದಲು ಪತ್ತೆ, ಆಮೇಲೆ ಬಟನ್. ಇಲ್ಲಿ ಹೇಳುವುದೆಲ್ಲ ಜಿಮೇಲ್ ಲೆಕ್ಕದಲ್ಲಿ. ಬೇರೆ ಕಡೆ ಬಟನ್ ಹೆಸರು ಬದಲಾಗುತ್ತದೆ, ಪತ್ತೆ ಮಾಡುವ ಕ್ರಮ ಅದೇ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಮೇಲ್ ದಿನಾ ಸ್ವಲ್ಪ ಸ್ವಲ್ಪ ಬರುತ್ತಿದ್ದರೆ ನಿಧಾನವಾಗಿ ಓದಿ. ಇವತ್ತು ಬೆಳಿಗ್ಗೆಯಿಂದ ಇದ್ದಕ್ಕಿದ್ದಂತೆ ನೂರಾರು ಬಂದು ಬಿದ್ದಿದ್ದರೆ 'ಒಂದೇ ಗಂಟೆಯಲ್ಲಿ ನೂರಾರು' ಅನ್ನುವ ಭಾಗಕ್ಕೆ ನೇರ ಹೋಗಿ. ಅದು ಕಸದ ಸಮಸ್ಯೆ ಅಲ್ಲ, ದುಡ್ಡಿನ ಸಮಸ್ಯೆ.

ಇಪ್ಪತ್ತು ಮೇಲ್, ಒಂದು ನೋಟ್‌ಬುಕ್

ಕೊನೆಗೆ ಬಂದ ಇಪ್ಪತ್ತು ಬೇಡದ ಮೇಲ್ ತೆಗೆದುಕೊಳ್ಳಿ. ಪ್ರತಿಯೊಂದಕ್ಕೂ ಮೂರು ಪ್ರಶ್ನೆ. ಕಳಿಸಿದ್ದು ಯಾರು? ಅವರಿಗೆ ನನ್ನ ವಿಳಾಸ ನಾನೇ ಕೊಟ್ಟಿದ್ದೆನಾ? ಯಾವ ವಿಳಾಸಕ್ಕೆ ಬಂದಿದೆ?

ಕಳಿಸಿದವರ ಹೆಸರು ನಂಬಬೇಡಿ. ಹೆಸರಿನ ಜಾಗದಲ್ಲಿ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು. ಹೆಸರಿನ ಕೆಳಗೆ 'ಟು ಮಿ' ಅಂತ ಇರುತ್ತದಲ್ಲ, ಅದನ್ನು ಒತ್ತಿದರೆ ಪೂರ್ತಿ ವಿಳಾಸ ಕಾಣುತ್ತದೆ. ಅಲ್ಲಿ ಅಟ್ ಗುರುತಿನ ನಂತರ ಇರುವುದೇ ನಿಜವಾದ ಊರು, ಅದಕ್ಕೆ ಡೊಮೇನ್ ಅನ್ನುತ್ತಾರೆ. ದೊಡ್ಡ ಬ್ಯಾಂಕಿನ ಹೆಸರು ಹಾಕಿಕೊಂಡು, ವಿಳಾಸ ಮಾತ್ರ ಯಾವುದೋ ಹೂವಿನ ಅಂಗಡಿಯ ಡೊಮೇನಿನದು ಆಗಿದ್ದರೆ ಅಲ್ಲಿಗೆ ಮುಗಿಯಿತು.

ಕಂಪ್ಯೂಟರ್ ಇದ್ದರೆ ಇನ್ನೂ ಒಳಗೆ ಹೋಗಬಹುದು. ಮೇಲ್ ತೆರೆದು, ಬಲಗಡೆಯ ಮೂರು ಚುಕ್ಕಿ ಒತ್ತಿ, 'ಶೋ ಒರಿಜಿನಲ್' ಆರಿಸಿ. ಮೇಲೆ ಒಂದು ಚಿಕ್ಕ ಪಟ್ಟಿಯಲ್ಲಿ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅಂತ ಮೂರು ಸಾಲು ಇರುತ್ತವೆ, ಎದುರಿಗೆ ಪಾಸ್ ಅಥವಾ ಫೇಲ್. ಆ ಡೊಮೇನಿನ ಪರವಾಗಿ ಮೇಲ್ ಕಳಿಸಲು ಒಪ್ಪಿಗೆ ಇರುವ ಸರ್ವರಿನಿಂದಲೇ ಇದು ಹೊರಟಿತಾ, ದಾರಿಯಲ್ಲಿ ಯಾರಾದರೂ ತಿದ್ದಿದರಾ ಅನ್ನುವುದರ ಪರೀಕ್ಷೆ ಅದು. ಬ್ಯಾಂಕಿನ ಹೆಸರಲ್ಲಿ ಬಂದು ಡಿಮಾರ್ಕ್ ಫೇಲ್ ಆಗಿದ್ದರೆ ಅದು ಬ್ಯಾಂಕಿನದ್ದಲ್ಲ ಅಂದುಕೊಂಡೇ ಮುಂದುವರಿಯಿರಿ. ಆದರೆ ಇಲ್ಲಿ ಬಹಳ ಜನ ಎಡವುತ್ತಾರೆ: ಮೂರೂ ಪಾಸ್ ಅಂದರೆ ಮೇಲ್ ಒಳ್ಳೆಯದು ಅಂತ ಅಲ್ಲ. ಕಳ್ಳನೂ ದುಡ್ಡು ಕೊಟ್ಟು ಸ್ವಂತ ಡೊಮೇನ್ ಕೊಂಡು ಮೂರರಲ್ಲೂ ಪಾಸಾಗಬಹುದು. ಮನೆ ವಿಳಾಸ ನಿಜ ಅಂದ ಮಾತ್ರಕ್ಕೆ ಮನೆಯಲ್ಲಿರುವವನು ಸಜ್ಜನ ಆಗಬೇಕಿಲ್ಲ, ಅಲ್ವಾ?

ಭಾವನ ಇಪ್ಪತ್ತು ಮೇಲ್ ನೋಟ್‌ಬುಕ್ಕಿನಲ್ಲಿ ಹೀಗೆ ಬಂದವು. ಹದಿಮೂರು, ಅವರೇ ಬಿಲ್ ಮಾಡಿಸುವಾಗ ವಿಳಾಸ ಕೊಟ್ಟ ಅಂಗಡಿ, ಆ್ಯಪ್‌ಗಳು. ಮೂರು, ಷೇರಿನ ಕಂಪನಿಗಳದ್ದು. ಎರಡು ಅಪ್ಪಟ ಮೋಸ. ಇನ್ನೆರಡು ಬೇರೆ ಯಾರಿಗೋ ಹೋಗಬೇಕಾದವು. ನಾನು ಬೇರೆಯವರ ಇನ್‌ಬಾಕ್ಸ್ ನೋಡಿದಾಗಲೂ ಹೆಚ್ಚು ಕಡಿಮೆ ಹೀಗೇ ಇತ್ತು. ಜಾಸ್ತಿ ಪಾಲು ನಾವೇ ಬಾಗಿಲು ತೆರೆದು ಒಳಗೆ ಕರೆದವರು.

ನಾವೇ ಕರೆದವರು: ಅಂಗಡಿ, ಆ್ಯಪ್, ಕೆಲಸದ ಸೈಟ್

"ಭಾವ, ಈ ಚಪ್ಪಲಿ ಅಂಗಡಿಯವರಿಗೆ ಮೇಲ್ ಐಡಿ ಕೊಟ್ಟಿದ್ರಾ?"

"ಕೌಂಟರಲ್ಲಿ ಆ ಹುಡುಗ ಕೇಳ್ದ. ಇಲ್ಲ ಅಂದ್ರೆ ಬಿಲ್ ಬರಲ್ಲ ಅಂದ್ಕೊಂಡೆ."

ಇದಕ್ಕೆ ಅನ್‌ಸಬ್‌ಸ್ಕ್ರೈಬ್ ಮಾಡುವುದೇ ಸರಿ, ಅಂದರೆ ಅವರ ಪಟ್ಟಿಯಿಂದ ನಮ್ಮ ಹೆಸರು ತೆಗೆಸುವುದು. ಮೇಲ್‌ನ ತಳದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಇರುವ ಕೊಂಡಿ ಹುಡುಕಬೇಕಿಲ್ಲ. ಕಳಿಸಿದವರ ಹೆಸರಿನ ಪಕ್ಕದಲ್ಲಿ ಜಿಮೇಲೇ ಒಂದು ಅನ್‌ಸಬ್‌ಸ್ಕ್ರೈಬ್ ಬಟನ್ ತೋರಿಸುತ್ತದೆ, ಅದನ್ನು ಬಳಸಿ. ಗೂಗಲ್ ಮತ್ತು ಯಾಹೂ ಎರಡೂ 2024ರ ಫೆಬ್ರವರಿಯಿಂದ ದೊಡ್ಡ ಪ್ರಮಾಣದಲ್ಲಿ ಮೇಲ್ ಕಳಿಸುವವರಿಗೆ ನಿಯಮ ಬಿಗಿ ಮಾಡಿವೆ. ಜಿಮೇಲ್ ಲೆಕ್ಕದಲ್ಲಿ ದಿನಕ್ಕೆ 5,000ಕ್ಕಿಂತ ಜಾಸ್ತಿ ಕಳಿಸುವವರು ಇದರಲ್ಲಿ ಬರುತ್ತಾರೆ. ಅವರು ಒಂದೇ ಒತ್ತಿಗೆ ಬಿಡುಗಡೆ ಕೊಡಬೇಕು, ಕೇಳಿದ ಎರಡು ದಿನದಲ್ಲಿ ಹೆಸರು ತೆಗೆಯಬೇಕು.

ಒಂದೊಂದೇ ತೆರೆಯಲು ಬೇಜಾರಾದರೆ ಜಿಮೇಲ್‌ನ ಎಡಗಡೆಯ ಮೆನುವಿನಲ್ಲಿ 'ಮ್ಯಾನೇಜ್ ಸಬ್‌ಸ್ಕ್ರಿಪ್ಷನ್ಸ್' ನೋಡಿ. 2025ರ ಜುಲೈನಲ್ಲಿ ಬಂದ ಸೌಲಭ್ಯ. ಯಾರು ಇತ್ತೀಚೆಗೆ ಎಷ್ಟು ಕಳಿಸಿದ್ದಾರೆ ಅಂತ ಪಟ್ಟಿ ಬರುತ್ತದೆ, ಜಾಸ್ತಿ ಕಳಿಸುವವರು ಮೇಲೆ. ಭಾವನ ಪಟ್ಟಿಯಲ್ಲಿ ಮೊದಲು ಕೂತಿದ್ದು ಅವರ ಮಗ ಡಿಗ್ರಿ ಮುಗಿಸಿದಾಗ ಅಪ್ಪನ ಐಡಿ ಕೊಟ್ಟು ಸೇರಿಕೊಂಡಿದ್ದ ಒಂದು ಕೆಲಸ ಹುಡುಕುವ ಸೈಟು. ಮಗನಿಗೆ ಕೆಲಸ ಸಿಕ್ಕಿ ಆರು ವರ್ಷ ಆಗಿದೆ. ಅಪ್ಪನಿಗೆ ಇನ್ನೂ ಸೀನಿಯರ್ ಜಾವಾ ಡೆವಲಪರ್ ಹುದ್ದೆ ಬರುತ್ತಲೇ ಇದೆ.

ಅನ್‌ಸಬ್‌ಸ್ಕ್ರೈಬ್ ಮಾಡಿದರೂ ನಿಲ್ಲದಿದ್ದರೆ ಏನು ನೋಡಬೇಕು? ಮೊದಲು ಹತ್ತು ದಿನ ಬಿಡಿ. ಚಿಕ್ಕ ಕಂಪನಿಗಳಿಗೆ ಗೂಗಲ್ ಗಡುವು ತಟ್ಟುವುದಿಲ್ಲ. ಜಾಹೀರಾತು ಮೇಲ್ ಬಗ್ಗೆ ಅಮೆರಿಕದ 2003ರ ಕಾನೂನು ಕೂಡ ಹತ್ತು ಕೆಲಸದ ದಿನ ಕೊಡುತ್ತದೆ. ಆಮೇಲೂ ಬಂದರೆ ಹಳೆಯ ಮೇಲ್ ಮತ್ತು ಹೊಸ ಮೇಲ್‌ನ ವಿಳಾಸ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಕಂಪನಿ ಆಫರಿಗೆ ಒಂದು ಪಟ್ಟಿ, ಸುದ್ದಿಗೆ ಒಂದು, ಸರ್ವೇಗೆ ಇನ್ನೊಂದು ಇಟ್ಟುಕೊಂಡಿರುತ್ತದೆ. ನೀವು ಬಿಟ್ಟಿದ್ದು ಒಂದರಿಂದ ಮಾತ್ರ. ಇನ್ನೊಂದು ಕಾರಣ, ಮೇಲ್ ನಿಜವಾಗಿ ಹೋಗುತ್ತಿರುವುದು ನಿಮ್ಮ ಹಳೆಯ ರೀಡಿಫ್ ಐಡಿಗೋ ಯಾಹೂ ಐಡಿಗೋ ಆಗಿರಬಹುದು, ಅಲ್ಲಿಂದ ಇಲ್ಲಿಗೆ ಫಾರ್ವರ್ಡ್ ಆಗುತ್ತಿರಬಹುದು. ಆಗ ಬಿಡಿಸಬೇಕಾದ ವಿಳಾಸ ಅದು. 'ಟು' ಸಾಲಿನಲ್ಲಿ ಯಾವ ಐಡಿ ಇದೆ ನೋಡಿದರೆ ಗೊತ್ತಾಗುತ್ತದೆ.

ಅಷ್ಟು ಮಾಡಿದರೂ ಬಂದರೆ ಮರ್ಯಾದೆ ಸಾಕು, ಸ್ಪ್ಯಾಮ್ ಅಂತ ದೂರು ಕೊಡಿ. ಆ ದೂರಿಗೆ ತೂಕ ಇದೆ. ದೂರಿನ ಪ್ರಮಾಣ 0.3 ಶೇಕಡಾ ಮುಟ್ಟಬಾರದು ಅಂತ ಗೂಗಲ್ ಕಳಿಸುವವರಿಗೆ ಹೇಳಿದೆ. ಅಂದರೆ ಸಾವಿರ ಮೇಲ್‌ಗೆ ಮೂರು ಜನ ದೂರಿದರೆ ಕಂಪನಿಗೆ ಬಿಸಿ ತಟ್ಟುತ್ತದೆ. ಆದರೆ ಬೇಕೆಂದು ತರಿಸಿಕೊಂಡದ್ದನ್ನು ಸುಮ್ನೆ ಸೋಮಾರಿತನಕ್ಕೆ ಸ್ಪ್ಯಾಮ್ ಅನ್ನಬೇಡಿ. ಅದೇ ಅಂಗಡಿಯಲ್ಲಿ ನಾಳೆ ಏನಾದರೂ ಕೊಂಡರೆ ಅದರ ಬಿಲ್ಲೂ ಸ್ಪ್ಯಾಮಿಗೇ ಹೋಗಿ ಕೂರಬಹುದು.

1909ಕ್ಕೆ ಹೇಳಿದರೆ ನಿಲ್ಲುತ್ತದಾ ಅಂತ ಭಾವ ಕೇಳಿದರು. ಅದು ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ಡಿಎನ್‌ಡಿ, ಅಂದರೆ ಜಾಹೀರಾತು ತಡೆಯುವ ವ್ಯವಸ್ಥೆ, ಕರೆಗೆ ಮತ್ತು ಎಸ್‌ಎಮ್‌ಎಸ್‌ಗೆ ಮಾತ್ರ. ಮೇಲ್‌ಗೆ ಅದರ ಸಂಬಂಧ ಇಲ್ಲ.

ಕಸದಂತೆ ಕಾಣುವ, ಕಸ ಅಲ್ಲದ್ದು

ಆಗಸ್ಟ್, ಸೆಪ್ಟೆಂಬರಿನಲ್ಲಿ ಕೆಲವರ ಇನ್‌ಬಾಕ್ಸ್ ಇದ್ದಕ್ಕಿದ್ದಂತೆ ಉಬ್ಬುತ್ತದೆ. ಕಾರಣ ಷೇರು ಇಟ್ಟುಕೊಳ್ಳುವ ಡಿಮ್ಯಾಟ್ ಖಾತೆ. ಕಂಪನಿಗಳು ಮಾರ್ಚ್‌ಗೆ ಲೆಕ್ಕ ಮುಗಿಸಿ ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಸಭೆ ಮಾಡಬೇಕು. ಸಭೆಯ ನೋಟಿಸು, ವಾರ್ಷಿಕ ವರದಿ ಎಲ್ಲ ಷೇರುದಾರರಿಗೆ ಮೇಲ್‌ನಲ್ಲೇ ಬರುತ್ತದೆ. ಹತ್ತು ಕಂಪನಿಯಲ್ಲಿ ಐದೈದು ಷೇರು ಇದ್ದರೂ ಹತ್ತು ಕಂಪನಿಯ ಮೇಲ್ ಬರುತ್ತದೆ. ಭಾವನ ಹತ್ತಿರ ಇರುವುದು ಅಂಥ ಚಿಲ್ಲರೆ ಷೇರುಗಳೇ. ಸಿಟ್ಟಿಗೆ ಎರಡು ಕಂಪನಿಯ ಮೇಲ್ ಸ್ಪ್ಯಾಮ್ ಮಾಡಿಬಿಟ್ಟಿದ್ದರು.

ಇದನ್ನು ಮಾಡಬೇಡಿ. ಷೇರುದಾರರ ಲೆಕ್ಕ ನೋಡಿಕೊಳ್ಳುವ ಒಂದೇ ರಿಜಿಸ್ಟ್ರಾರ್ ಸಂಸ್ಥೆ ಹತ್ತಾರು ಕಂಪನಿಗಳ ಪರವಾಗಿ ಕಳಿಸುತ್ತದೆ. ಡಿವಿಡೆಂಡ್ ಮೇಲೆ, ಅಂದರೆ ಕಂಪನಿ ಹಂಚುವ ಲಾಭದ ಮೇಲೆ, ತೆರಿಗೆ ಹಿಡಿಯಬೇಡಿ ಅಂತ ಹಿರಿಯರು ಕೊಡುವ ಫಾರಂನ ಸೂಚನೆಯೂ ಅದೇ ವಿಳಾಸದಿಂದ ಬರಬಹುದು. ವರದಿ ಬೇಡ ಅಂತ ಸ್ಪ್ಯಾಮಿಗೆ ಹಾಕಿದರೆ ಜೊತೆಗೆ ಅದೂ ಹೋಯಿತು.

ಇಂಥದಕ್ಕೆ ಫಿಲ್ಟರ್, ಅಂದರೆ ಬಂದ ಮೇಲ್ ತಾನಾಗೇ ಬೇರೆ ಕಡೆ ಹೋಗುವಂತೆ ಇಡುವ ನಿಯಮ. ಫೋನಿನ ಆ್ಯಪ್‌ನಲ್ಲಿ ಮಾಡಲು ಬರುವುದಿಲ್ಲ, ಕಂಪ್ಯೂಟರ್ ಬೇಕು. ಸರ್ಚ್ ಪಟ್ಟಿಯ ಬಲತುದಿಯ ಗುರುತು ಒತ್ತಿ, 'ಫ್ರಮ್' ಜಾಗದಲ್ಲಿ ಆ ವಿಳಾಸ ಹಾಕಿ, 'ಕ್ರಿಯೇಟ್ ಫಿಲ್ಟರ್' ಒತ್ತಿ. 'ಸ್ಕಿಪ್ ದ ಇನ್‌ಬಾಕ್ಸ್' ಟಿಕ್ ಮಾಡಿ, 'ಷೇರು' ಅಂತ ಒಂದು ಲೇಬಲ್ ಕೊಡಿ. ಮೇಲ್ ಬರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಡಿವಿಡೆಂಡ್ ಸಮಯದಲ್ಲಿ ಆ ಲೇಬಲ್ ತೆರೆದು ಕಣ್ಣಾಡಿಸಿದರೆ ಸಾಕು.

ಬೇರೆ ಯಾರದೋ ಮೇಲ್ ನಮಗೆ

ಯಾವುದೋ ಊರಿನ ಶಾಲೆಯ ಫೀಸ್ ರಸೀದಿ, ನೋಡದ ಕಾರಿನ ಸರ್ವಿಸ್ ಬಿಲ್. ಭಾವ ಇದನ್ನು ಮೋಸ ಅಂದುಕೊಂಡಿದ್ದರು. ಮೋಸ ಅಲ್ಲ, ಹೆಸರಿನ ಗೊಂದಲ. ನಮ್ಮ ಕಡೆ ಇನಿಷಿಯಲ್ ಹಾಕಿ ಮಂಜುನಾಥ, ನಾಗರಾಜ ಅಂತ ಐಡಿ ಮಾಡಿಕೊಂಡವರಿಗೆ ಇದು ತಪ್ಪಿದ್ದಲ್ಲ. ಆ ಇನ್ನೊಬ್ಬ ನಾಗರಾಜರ ಐಡಿಯಲ್ಲಿ ಕೊನೆಗೆ ಎರಡು ಅಂಕಿ ಇರುತ್ತದೆ, ಕೌಂಟರಿನವನು ಅದನ್ನು ಬಿಟ್ಟು ಬರೆದಿರುತ್ತಾನೆ.

ಇಲ್ಲೊಂದು ಗುಟ್ಟು ಗೊತ್ತಿರಬೇಕು. ಜಿಮೇಲ್ ಐಡಿಯಲ್ಲಿ ಹೆಸರಿನ ನಡುವಿನ ಚುಕ್ಕಿಗೆ ಬೆಲೆ ಇಲ್ಲ. ಚುಕ್ಕಿ ಇದ್ದರೂ ಇಲ್ಲದಿದ್ದರೂ ಒಂದೇ ಡಬ್ಬಿ. 'ಚುಕ್ಕಿ ಇರೋ ಐಡಿ ಬೇರೆಯವರದ್ದು ಇರಬೇಕು, ಗೂಗಲ್ ತಪ್ಪು ಕಡೆ ಹಾಕಿದೆ' ಅಂತ ಕೆಲವರು ಹೆದರುತ್ತಾರೆ. ಹಾಗಿಲ್ಲ, ಎರಡೂ ನಿಮ್ಮದೇ.

ಇದಕ್ಕೆ ಮದ್ದು: ಕಳಿಸಿದ ಸಂಸ್ಥೆಗೆ ಎರಡು ಸಾಲು ಉತ್ತರ ಬರೆಯಿರಿ, ಈ ವಿಳಾಸ ನಿಮ್ಮ ಗ್ರಾಹಕರದ್ದಲ್ಲ, ತೆಗೆಯಿರಿ ಅಂತ. ಉತ್ತರ ಬರದಿದ್ದರೆ ಆ ವಿಳಾಸ ಬ್ಲಾಕ್ ಮಾಡಿ. ಬ್ಲಾಕ್ ಅಂದರೆ ಅವರ ಮುಂದಿನ ಮೇಲ್ ಎಲ್ಲ ಸ್ಪ್ಯಾಮಿಗೆ ಹೋಗುತ್ತದೆ, ಅಷ್ಟೇ. ಪಾಸ್‌ವರ್ಡ್ ರೀಸೆಟ್ ಮಾಡಿ ಆ ಇನ್ನೊಬ್ಬರ ಖಾತೆಯ ಒಳಗೆ ಇಣುಕುವ ಕೆಲಸಕ್ಕೆ ಮಾತ್ರ ಹೋಗಬೇಡಿ. ಕೆಟ್ಟ ಉದ್ದೇಶ ಇಲ್ಲದಿದ್ದರೂ ಅದು ಬೇರೆಯವರ ಮನೆ.

ಅಪ್ಪಟ ಮೋಸ

ತೆರಿಗೆ ರೀಫಂಡ್ ಬಂದಿದೆ, ಪಾರ್ಸೆಲ್ ನಿಂತಿದೆ, ಕೆವೈಸಿ ಇವತ್ತೇ ಮುಗಿಯುತ್ತದೆ. ಇಲ್ಲಿ ಅನ್‌ಸಬ್‌ಸ್ಕ್ರೈಬ್ ಒತ್ತುವುದೇ ದೊಡ್ಡ ತಪ್ಪು. ಮೇಲ್ ತಳದ ಆ ಕೊಂಡಿ ಒತ್ತಿದರೆ ಕಳಿಸಿದವನಿಗೆ ಗೊತ್ತಾಗುವುದು ಒಂದೇ, ಈ ವಿಳಾಸದಲ್ಲಿ ಜೀವ ಇದೆ ಅಂತ. ಅದು ಗೊತ್ತಾದ ವಿಳಾಸ ಇನ್ನೂ ನಾಲ್ಕು ಜನರಿಗೆ ಮಾರಾಟ ಆಗುತ್ತದೆ. ಬ್ಲಾಕ್ ಮಾಡಿಯೂ ಪ್ರಯೋಜನ ಇಲ್ಲ, ನಾಳೆ ಬೇರೆ ವಿಳಾಸದಿಂದ ಬರುತ್ತಾನೆ. 'ರಿಪೋರ್ಟ್ ಸ್ಪ್ಯಾಮ್' ಒತ್ತಿ, ಬ್ಯಾಂಕಿನ ವೇಷ ಹಾಕಿದ್ದರೆ ಮೂರು ಚುಕ್ಕಿಯಲ್ಲಿ 'ರಿಪೋರ್ಟ್ ಫಿಶಿಂಗ್'. ಉತ್ತರ ಕೊಡಬೇಡಿ, ಬೈದು ಕೂಡ.

ಅನುಮಾನ ಬಂದರೆ ಕೊಂಡಿ ಒತ್ತದೆ ಬ್ಯಾಂಕಿನ ಆ್ಯಪ್ ತೆರೆದು ನೋಡಿ. ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೂ 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ಡೊಮೇನಿಗೆ ಬದಲಾಗಿ ಅಂತ ಹೇಳಿತ್ತು. ಸೈಟಿನ ವಿಳಾಸ ಹಾಗೆ ಮುಗಿಯುತ್ತದಾ ಅಂತ ನೋಡುವ ಅಭ್ಯಾಸ ಒಳ್ಳೆಯದು.

ಇದರದೇ ಇನ್ನೊಂದು ವೇಷ, ನಿಮ್ಮ ಐಡಿಯಿಂದಲೇ ನಿಮಗೆ ಮೇಲ್. ನಿನ್ನ ಕ್ಯಾಮೆರಾ ನನ್ನ ಕೈಲಿದೆ, ಬಿಟ್‌ಕಾಯಿನ್ ಕಳಿಸು ಅಂತ ಬರೆದಿರುತ್ತದೆ. ಜೊತೆಗೆ ನೀವು ಯಾವತ್ತೋ ಬಳಸಿದ್ದ ಪಾಸ್‌ವರ್ಡ್ ಕೂಡ. ಎದೆ ಧಸಕ್ ಅನ್ನುತ್ತದೆ. ಮೊದಲು 'ಸೆಂಟ್' ಫೋಲ್ಡರ್ ನೋಡಿ. ಅಲ್ಲಿ ಆ ಮೇಲ್ ಇಲ್ಲ, ಖಾತೆಗೆ ಅಪರಿಚಿತ ಸಾಧನವೂ ಸೇರಿಲ್ಲ ಅಂದರೆ ಬರೀ ನಿಮ್ಮ ಹೆಸರು ಬಳಸಿದ್ದಾನೆ ಅಂತ ತಿಳಿಯಿರಿ. ಪಾಸ್‌ವರ್ಡ್ ಸಿಕ್ಕಿದ್ದು ಯಾವುದೋ ಸೈಟಿನಿಂದ ಸೋರಿದ ಪಟ್ಟಿಯಲ್ಲಿ. ಆಸ್ಟ್ರೇಲಿಯಾದ ಸೈಬರ್ ಭದ್ರತಾ ತಜ್ಞ ಟ್ರಾಯ್ ಹಂಟ್ 2013ರಲ್ಲಿ ಶುರು ಮಾಡಿದ 'ಹ್ಯಾವ್ ಐ ಬೀನ್ ಪೋನ್ಡ್' ಸೈಟಿನಲ್ಲಿ ನಿಮ್ಮ ಐಡಿ ಹಾಕಿದರೆ ಯಾವ ಯಾವ ಸೋರಿಕೆಯಲ್ಲಿ ಅದು ಸಿಕ್ಕಿದೆ ಅಂತ ಗೊತ್ತಾಗುತ್ತದೆ. ಆ ಪಾಸ್‌ವರ್ಡ್ ಇನ್ನೂ ಎಲ್ಲಾದರೂ ಇದ್ದರೆ ಇವತ್ತೇ ಬದಲಿಸಿ.

ಒಂದೇ ಗಂಟೆಯಲ್ಲಿ ನೂರಾರು

ಮಧ್ಯಾಹ್ನದ ತನಕ ಏನೂ ಇಲ್ಲ. ಊಟ ಮಾಡಿ ಬಂದು ನೋಡಿದರೆ ಗೊತ್ತಿಲ್ಲದ ಭಾಷೆಯಲ್ಲಿ, ಗೊತ್ತಿಲ್ಲದ ಸೈಟುಗಳಿಂದ, 'ನಿಮ್ಮ ನೋಂದಣಿ ಖಚಿತಪಡಿಸಿ' ಅಂತ ಮುನ್ನೂರು ಮೇಲ್. ನಿಮಿಷಕ್ಕೆ ಹತ್ತು ಸೇರುತ್ತಿವೆ.

ಇದನ್ನು ಇಮೇಲ್ ಬಾಂಬಿಂಗ್ ಅನ್ನುತ್ತಾರೆ. ಯಾರೋ ನಿಮ್ಮ ಐಡಿಯನ್ನು ಸಾವಿರಾರು ಸೈಟಿನ ಫಾರಂಗೆ ಯಂತ್ರದಿಂದ ತುಂಬಿಸುತ್ತಿದ್ದಾರೆ. ಉದ್ದೇಶ ಕಾಟ ಕೊಡುವುದಲ್ಲ, ಒಂದೇ ಒಂದು ಮೇಲ್ ಮುಚ್ಚುವುದು. ನಿಮ್ಮ ಕಾರ್ಡಿನಲ್ಲಿ ಏನೋ ಕೊಂಡದ್ದರ ರಸೀದಿ, ಇಲ್ಲವೇ ಪಾಸ್‌ವರ್ಡ್ ಬದಲಾಯಿತು ಅನ್ನುವ ಸೂಚನೆ ಆ ರಾಶಿಯ ಅಡಿಯಲ್ಲಿ ಇರುತ್ತದೆ. ಸಿಟ್ಟಿಗೆ ಎಲ್ಲ ಆರಿಸಿ ಡಿಲೀಟ್ ಮಾಡಿದಿರೋ, ಕಳ್ಳ ಗೆದ್ದ.

ಅಳಿಸಬೇಡಿ. ಸರ್ಚ್‌ನಲ್ಲಿ ಮೊದಲು ನಿಮ್ಮ ಬ್ಯಾಂಕಿನ ಹೆಸರು, ಆಮೇಲೆ ಆರ್ಡರ್, ಓಟಿಪಿ, ಪಾಸ್‌ವರ್ಡ್ ಅನ್ನುವ ಪದಗಳನ್ನು ಇಂಗ್ಲಿಷಿನಲ್ಲಿ ಹಾಕಿ ಹುಡುಕಿ. ಟ್ರ್ಯಾಶ್ ಮತ್ತು ಸ್ಪ್ಯಾಮ್ ಕೂಡ ನೋಡಿ. ಬ್ಯಾಂಕ್ ಆ್ಯಪ್ ತೆರೆದು ಕೊನೆಯ ವಹಿವಾಟುಗಳನ್ನು ನೋಡಿ. ದುಡ್ಡು ಹೋಗಿದ್ದರೆ ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ನಿಲ್ಲಿಸಿ, ತಕ್ಷಣ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ, ಬೇಗ ಹೇಳಿದಷ್ಟೂ ದುಡ್ಡು ತಡೆಯುವ ಸಾಧ್ಯತೆ ಜಾಸ್ತಿ.

ಆಮೇಲೆ ಜಿಮೇಲ್ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಪರಿಶೀಲನೆ ಹಾಕಿ. ಸೆಟ್ಟಿಂಗ್ಸ್‌ನಲ್ಲಿ ಫಿಲ್ಟರ್ ಮತ್ತು ಫಾರ್ವರ್ಡಿಂಗ್ ಎರಡೂ ಪುಟ ತೆರೆದು ನೋಡುವುದು ಮರೆಯಬೇಡಿ. ಒಳಗೆ ನುಗ್ಗಿದವನು ಬ್ಯಾಂಕಿನ ಮೇಲ್ ಬಂದ ಕೂಡಲೇ ಟ್ರ್ಯಾಶಿಗೆ ಹೋಗುವಂತೆ ಫಿಲ್ಟರ್ ಇಟ್ಟು ಹೋಗಿರುತ್ತಾನೆ. ಪಾಸ್‌ವರ್ಡ್ ಬದಲಿಸಿದರೂ ಅದು ಹಾಗೇ ಉಳಿದಿರುತ್ತದೆ.

ಡಬ್ಬಿ ಖಾಲಿ ಮಾಡುವುದು, ಮತ್ತೆ ತುಂಬದಂತೆ ನೋಡುವುದು

ನಲ್ಲಿ ಮುಚ್ಚಿದ ಮೇಲೇ ನೆಲ ಒರೆಸಬೇಕು. ಹನ್ನೊಂದು ಸಾವಿರ ಅಳಿಸಲು ಫೋನ್ ಬೇಡ, ಬೆರಳು ಸವೆಯುತ್ತದೆ. ಕಂಪ್ಯೂಟರಿನಲ್ಲಿ ಜಾಹೀರಾತು ಮೇಲ್ ಸೇರುವ ಪ್ರಮೋಷನ್ಸ್ ವಿಭಾಗ ತೆರೆದು, ಮೇಲಿನ ಚೌಕ ಟಿಕ್ ಮಾಡಿದರೆ ಆ ಪುಟದ್ದು ಮಾತ್ರ ಆಯ್ಕೆಯಾಗುತ್ತದೆ. ಆಗ ಪಟ್ಟಿಯ ಮೇಲೆ 'ಸೆಲೆಕ್ಟ್ ಆಲ್' ಅಂತ ಒಂದು ಸಾಲು ಮೂಡುತ್ತದೆ. ಅದನ್ನು ಒತ್ತಿದರೆ ಪೂರ್ತಿ ರಾಶಿ ಆಯ್ಕೆಯಾಗುತ್ತದೆ. ಡಿಲೀಟ್ ಮಾಡುವ ಮುಂಚೆ ವಾರಂಟಿ, ಇನ್‌ವಾಯ್ಸ್ ಅಂತ ಒಮ್ಮೆ ಹುಡುಕಿ. ಭಾವನ ಫ್ರಿಜ್ಜಿನ ಬಿಲ್ ಸಿಕ್ಕಿದ್ದು ಪ್ರಮೋಷನ್ಸಿನಲ್ಲೇ. ಟ್ರ್ಯಾಶಿನಲ್ಲಿ ಇರುವುದೂ 15 ಜಿಬಿ ಲೆಕ್ಕಕ್ಕೆ ಸೇರುತ್ತದೆ, ಜಾಗ ತಕ್ಷಣ ಬೇಕಿದ್ದರೆ ಅದನ್ನೂ ಖಾಲಿ ಮಾಡಿ.

ಸ್ಪ್ಯಾಮ್ ಫೋಲ್ಡರನ್ನು ವಾರಕ್ಕೊಮ್ಮೆ ನೋಡಿ. ಅಲ್ಲಿರುವುದು 30 ದಿನಕ್ಕೆ ತಾನಾಗೇ ಅಳಿಸಿಹೋಗುತ್ತದೆ. ಒಳ್ಳೆಯ ಮೇಲ್ ಅಲ್ಲಿ ಸಿಕ್ಕರೆ 'ನಾಟ್ ಸ್ಪ್ಯಾಮ್' ಒತ್ತಿ, ಆ ವಿಳಾಸವನ್ನು ಕಾಂಟ್ಯಾಕ್ಟ್‌ನಲ್ಲಿ ಸೇರಿಸಿ.

ಸೆಟ್ಟಿಂಗ್ಸ್‌ನಲ್ಲಿ ಇಮೇಜಸ್ ಅನ್ನುವಲ್ಲಿ 'ಕೇಳಿ ತೋರಿಸು' ಅನ್ನುವ ಆಯ್ಕೆ ಹಾಕಿ. ಎಷ್ಟೋ ಜಾಹೀರಾತು ಮೇಲ್‌ನಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಚಿತ್ರ ಇರುತ್ತದೆ. ಅದು ತೆರೆದುಕೊಂಡರೆ ನೀವು ಮೇಲ್ ಓದಿದಿರಿ ಅಂತ ಅವರಿಗೆ ಸುದ್ದಿ.

ಇನ್ನು ಮುಂದೆ ಕೌಂಟರಿನಲ್ಲಿ ಐಡಿ ಕೇಳಿದರೆ "ಬೇಡ, ಪೇಪರ್ ಬಿಲ್ ಕೊಡಪ್ಪ" ಅನ್ನಿ. ಕೊಡಲೇಬೇಕು ಅಂದರೆ ಜಿಮೇಲ್‌ನ ಪ್ಲಸ್ ಬಳಸಿ. ಹೆಸರಿನ ನಂತರ ಪ್ಲಸ್ ಗುರುತು, ಆಮೇಲೆ ಆ ಅಂಗಡಿಯ ಹೆಸರು, ಆಮೇಲೆ ಮಾಮೂಲಿ ಜಿಮೇಲ್ ವಿಳಾಸ. ಮೇಲ್ ನಿಮಗೇ ಬರುತ್ತದೆ. ನಾಳೆ ಆ ವಿಳಾಸಕ್ಕೆ ಸಾಲದ ಕಂಪನಿಯೊಂದು ಬರೆದರೆ ನಿಮ್ಮ ಐಡಿ ಎಲ್ಲಿಂದ ಹೋಯಿತು ಅಂತ ಗೊತ್ತಾಗುತ್ತದೆ, ಆ ವಿಳಾಸಕ್ಕೇ ಒಂದು ಫಿಲ್ಟರ್ ಹಾಕಿ ಮುಚ್ಚಬಹುದು. ಕೆಲವು ಸೈಟು ಪ್ಲಸ್ ಗುರುತು ಒಪ್ಪುವುದಿಲ್ಲ. ಅಂಥವಕ್ಕೆ ಅಂತಲೇ ನಾನು ಎರಡನೇ ಐಡಿ ಇಟ್ಟುಕೊಂಡಿದ್ದೇನೆ, ತಿಂಗಳಿಗೊಮ್ಮೆ ತೆರೆಯುತ್ತೇನೆ.

ಎರಡು ವಾರದ ನಂತರ ಮತ್ತೆ ಇಪ್ಪತ್ತು ಮೇಲ್ ಎಣಿಸಿ. ಭಾವನಿಗೆ ಮೊದಲು ಇಪ್ಪತ್ತು ಸೇರಲು ಅರ್ಧ ದಿನ ಸಾಕಿತ್ತು, ಈ ಸಲ ಆರು ದಿನ ಬೇಕಾಯಿತು. ಆ ಇಪ್ಪತ್ತರಲ್ಲಿ ಒಂಬತ್ತು ಒಂದೇ ಚಪ್ಪಲಿ ಅಂಗಡಿಯದ್ದು. ಮೂರು ಬೇರೆ ಬೇರೆ ವಿಳಾಸದಿಂದ ಕಳಿಸುತ್ತಿದ್ದಾರೆ, ಮೂರರಲ್ಲೂ ಅಟ್ ನಂತರದ ಹೆಸರು ಮಾತ್ರ ಒಂದೇ. ಫಿಲ್ಟರಿನ 'ಫ್ರಮ್' ಜಾಗದಲ್ಲಿ ಆ ಹೆಸರಷ್ಟನ್ನೇ ಹಾಕಿ 'ಡಿಲೀಟ್ ಇಟ್' ಟಿಕ್ ಮಾಡಿದ್ದೇವೆ. ವಿಮೆ ನೋಟಿಸನ್ನು ಕಂಪನಿಯವರು ಮತ್ತೆ ಕಳಿಸಿದರು. ಬಂತು, ಸ್ಪ್ಯಾಮಿನಲ್ಲಿ ಇತ್ತು.